ಉಡಿಗೆ ಹಾಕಿದ ಗಡ್ಡೆಗಳು

ಇಡೀ ನೌಕರಿಯ ಕಾಲ ನಾನು ರೈತರಿಗೆ ಬುದ್ಧಿ ಹೇಳಿಯೇ ಸಂಬಳ ತೆಗೆದುಕೊಂಡವನು. ಕತ್ತಲಗೆರೆಯಲ್ಲಿ ಕೃಷಿ ತರಬೇತಿ ಮುಗಿಸಿ, ಚನ್ನಗಿರಿ, ಹೊನ್ನಾಳಿ ಸುತ್ತಿ, ಜಗಳೂರಿನಲ್ಲಿ ನಾಲ್ಕು ವರ್ಷ ಈರುಳ್ಳಿ ಬೆಳೆಯುವವರಿಗೆ ಈರುಳ್ಳಿ ಬೆಳೆಯುವುದು ಹೇಗೆಂದು ಹೇಳಿಕೊಟ್ಟೆ. ಅವರು ಹುಟ್ಟಿದಾಗಿನಿಂದ ಅದನ್ನೇ ಬೆಳೆದವರು. ನನ್ನ ಮಾತಿಗೆಲ್ಲ ತಲೆಯಾಡಿಸಿ, ಟೀ ಕುಡಿಸಿ ಕಳಿಸಿ, ತಮಗೆ ತೋಚಿದಂತೆ ಮಾಡುತ್ತಿದ್ದರು. ನಾನು ಮಾತ್ರ ಗಡ್ಡೆಗಳ ವಿಷಯವನ್ನು ಅರೆದು ಕುಡಿದಿದ್ದೇನೆಂದು ನಂಬಿಕೊಂಡಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನ್ಯಾಮತಿಗೆ ಬಂದೆವು. ಬಾಡಿಗೆ ಮನೆ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ಹೆಂಡತಿಯ ತವರು ಸಾಸ್ವೆಹಳ್ಳಿ. ಅವಳಿಗೆ ಒಬ್ಬನೇ ತಮ್ಮ. ತಾಯಿ ಬೇಗ ಹೋಗಿದ್ದರಿಂದ ಅವನನ್ನು ಎತ್ತಿ ಆಡಿಸಿದವಳು ಇವಳೇ. ಅವನು ಮಿಲಿಟರಿ ಸೇರಿ ಕಾಶ್ಮೀರದ ಕಡೆ ಇದ್ದ. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ರಜೆಯ ಮೇಲೆ ಬಂದ ಅವನ ಜೊತೆಗಾರನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದು ಒಂದು ಉಣ್ಣೆಯ ಕಾಲುಚೀಲ ಕೊಟ್ಟು ಹೋದ. ಒಳಗೆ ಹನ್ನೆರಡು ಗಡ್ಡೆಗಳಿದ್ದವು, ಸಾಂಬಾರ್ ಈರುಳ್ಳಿಗಿಂತ ಚಿಕ್ಕವು, ಕಂದು ಸಿಪ್ಪೆಯವು. ಜೊತೆಗೆ ಒಂದು ಚೀಟಿ. ಅಲ್ಲಿನ ಹೊಲದ ಬದುಗಳಲ್ಲಿ ತಾವಾಗಿ ಬೆಳೆಯುವ ಗಿಡ್ಡ ಟ್ಯೂಲಿಪ್ ಹೂವಂತೆ. ಮರಳಲ್ಲಿ ನೆಡು, ನೀರು ಕಮ್ಮಿ ಹಾಕು, ಶಿವರಾತ್ರಿ ಕಳೆದ ಮೇಲೆ ನಾನೂ ಬರುತ್ತೇನೆ, ನಿನ್ನ ಹಿತ್ತಿಲಲ್ಲಿ ಅದನ್ನು ನೋಡಬೇಕು ಎಂದು ಬರೆದಿದ್ದ.

"ಒಂದು ಹೊತ್ತಿನ ಒಗ್ಗರಣೆಗೆ ಆಗ್ತಾವೆ ಬಿಡು" ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಹೊನ್ನಾಳಿಯಿಂದ ಬಸ್ಸಿನ ಮೇಲೆ ಒಂದು ಚೀಲ ಹೊಳೆ ಮರಳು ಹಾಕಿಸಿಕೊಂಡು ಬಂದಳು. ಒಗೆಯುವ ಕಲ್ಲಿನ ನೀರು ತಾಗದ ಕಡೆ ಒಂದು ಮೊಳದ ಪಾತಿ ಮಾಡಿ, ಕೋಳಿಗಳು ಕೆದಕದ ಹಾಗೆ ಸುತ್ತ ಮುಳ್ಳು ಚುಚ್ಚಿದಳು. ಮೂರು ವಾರಕ್ಕೆ ಎಲೆ ಬಂತು, ನೋಡಲು ಈರುಳ್ಳಿ ಎಲೆಯ ದಾಯಾದಿ. ಶಿವರಾತ್ರಿಯ ಹೊತ್ತಿಗೆ ಗೇಣುದ್ದದ ದಂಟಿನ ತುದಿಯಲ್ಲಿ ಮೊಗ್ಗು. ಹೊರಗೆ ಕೆಂಪು ಪಟ್ಟಿ, ಒಳಗೆ ಹಾಲು ಬಿಳುಪು. ಬಿಸಿಲೇರಿದಂತೆ ಬಿರಿಯುತ್ತಿತ್ತು, ಸಂಜೆಗೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹನ್ನೆರಡರಲ್ಲಿ ಏಳು ಗಿಡ ಮೊಗ್ಗು ಬಿಟ್ಟಿದ್ದವು. ಬೆಳಿಗ್ಗೆ ಹಲ್ಲುಜ್ಜುತ್ತ ನಾನೂ ಅಲ್ಲೇ ನಿಲ್ಲುತ್ತಿದ್ದೆ, ಸುಳ್ಳೇಕೆ ಹೇಳಲಿ.

ಪಕ್ಕದ ಮನೆಯ ಅಜ್ಜಿಗೆ ಸಮಾಧಾನವಿರಲಿಲ್ಲ. "ಮೊದಲ್ನೇ ಹೂವು ದೇವ್ರಿಗೆ ಏರಿಸಬೇಕವ್ವ. ಗಿಡದಾಗೆ ಬಾಡಾಕೆ ಬಿಡ್ತಾರೇನು?"

"ದೇವ್ರು ಹಿತ್ತಲಿಗೇ ಬಂದು ನೋಡ್ಲಿ ಬಿಡ್ರಿ ಅಜ್ಜಿ. ನನ್ನ ತಮ್ಮ ಬರಾತನಕ ಯಾರೂ ಇದನ್ನ ಮುಟ್ಟಂಗಿಲ್ಲ" ಎಂದಳು ಇವಳು. ಎರಡು ಗಿಡ ಅರಳಿದ್ದವು, ಐದರ ಮೊಗ್ಗು ಇನ್ನೂ ಬಿಗಿಯಾಗಿತ್ತು. ಅವನು ಬರಲು ಹತ್ತು ದಿನ. ಅಲ್ಲಿಯವರೆಗೆ ಒಂದಾದರೂ ಉಳಿದಿರುತ್ತದೆ ಎಂಬುದು ಅವಳ ಲೆಕ್ಕಾಚಾರ.

ಅದೇ ವಾರ ಕಚೇರಿಯಲ್ಲಿ ಗುಸುಗುಸು ಎದ್ದಿತು: ನನ್ನನ್ನು ಮತ್ತೆ ಜಗಳೂರಿಗೆ ಹಾಕುತ್ತಾರಂತೆ. ಬೇಸಿಗೆಯಲ್ಲಿ ಅಲ್ಲಿ ನೀರಿಗಾಗಿ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದವಳು ಹೆಂಡತಿ, ಹೆದರಿ ಸಾಯುತ್ತಿದ್ದವನು ನಾನು. ಅಷ್ಟರಲ್ಲಿ ಶಿವಮೊಗ್ಗದಿಂದ ಮೇಲಿನ ಸಾಹೇಬರು ಸವಳಂಗದ ಕಡೆ ಬೆಳೆ ನೋಡಲು ಬಂದರು. ಸಾಹೇಬರು ಹೀಗೆ ಬಂದರೆ ಮಧ್ಯಾಹ್ನದ ಊಟ ನನ್ನಂಥವರ ಮನೆಯಲ್ಲಿ, ಅದು ನಮ್ಮಲ್ಲಿ ನಡೆದುಬಂದದ್ದು. ಈ ಸಲ ಜೀಪಿನಲ್ಲಿ ಅವರ ಹೆಂಡತಿಯೂ ಇದ್ದರು. ಇವಳು ಬೆಳಿಗ್ಗೆಯಿಂದ ಹೋಳಿಗೆ ತಟ್ಟಿದಳು. ನಾನು ಬಾಗಿಲಿಗೂ ಒಲೆಗೂ ಓಡಾಡಿದೆ.

ಊಟವಾಗಿ ಕೈ ತೊಳೆಯಲು ಹಿತ್ತಿಲಿಗೆ ಹೋದ ಅಮ್ಮಾವ್ರು ಅಲ್ಲೇ ನಿಂತುಬಿಟ್ಟರು. ಹೂ ಬಿಸಿಲಿಗೆ ಪೂರ್ತಿ ಬಿರಿದಿತ್ತು. "ಎಷ್ಟು ಚೆನ್ನಾಗೈತೆ! ನಮ್ಮ ಕಾಂಪೌಂಡಿನಾಗೂ ಇಂಥದ್ದು ಇದ್ದಿದ್ರೆ" ಎಂದರು.

"ಎಲೆ ಒಣಗಿದ ಮೇಲೆ ಗಡ್ಡೆ ತೆಗೆದು ಕಳಿಸ್ತೀನ್ರೀ ಅಮ್ಮಾ. ಈಗ ಕಿತ್ರೆ ಸತ್ತು ಹೋಗ್ತಾವೆ" ಎಂದಳು ನನ್ನ ಹೆಂಡತಿ. ಅದಕ್ಕಿಂತ ಮರ್ಯಾದೆಯ ಉತ್ತರ ಇನ್ನೇನಿದೆ? ಅವರೂ ಆಗಲಿ ಎಂದರು. ಮಾತು ಅಲ್ಲಿಗೆ ಮುಗಿಯಬೇಕಿತ್ತು.

ಇವಳು ಅವರಿಗೆ ಉಡಿ ತುಂಬಲು ಅಕ್ಕಿ, ಕಾಯಿ, ಕುಬುಸದ ಕಣ ಜೋಡಿಸಲು ಒಳಗೆ ಹೋದಳು. ಸಾಹೇಬರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಹಿತ್ತಿಲಿಗೆ ಹೋಗಿ ಕಳೆ ಕೀಳುವ ಕುರ್ಚಿಗೆಯನ್ನು ಕೈಗೆ ತೆಗೆದುಕೊಂಡೆ. ಹನ್ನೆರಡನ್ನೂ ಬೇರು, ಎಲೆ, ಹೂವಿನ ಸಮೇತ ಎಬ್ಬಿಸಿದೆ. ನಾಲ್ಕೈದು ನಿಮಿಷದ ಕೆಲಸ, ಮರಳು ಸಡಿಲವಾಗಿತ್ತು. ಈರುಳ್ಳಿಯನ್ನು ಹಸಿರಿದ್ದಾಗಲೇ ಕಿತ್ತರೂ ಗಡ್ಡೆಗೇನೂ ಆಗುವುದಿಲ್ಲವಲ್ಲ, ಇದಕ್ಕೇನಾದೀತು ಎಂದು ನನ್ನ ಓದು ನನಗೆ ಧೈರ್ಯ ಹೇಳಿತು. ಮಣ್ಣು ಕೊಡವಿ, ಬಾಳೆ ಎಲೆಯ ಮೇಲೆ ಇಟ್ಟುಕೊಂಡು ಒಳಗೆ ಬಂದೆ.

ಇವಳು ಅಮ್ಮಾವ್ರನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದ್ದಳು. ಅವರು ಸೆರಗು ಒಡ್ಡಿದ್ದರು. ನಾನು ಗಿಡಗಳನ್ನು ತಟ್ಟೆಯಲ್ಲಿ, ಅಕ್ಕಿಯ ಪಕ್ಕಕ್ಕೆ ಇಟ್ಟೆ. "ಇವನ್ನೂ ಉಡಿಗೆ ಹಾಕು" ಎಂದೆ.

ಉಡಿಗೆ ಬಿದ್ದದ್ದನ್ನು ನಮ್ಮಲ್ಲಿ ಯಾರೂ ವಾಪಸ್ಸು ಕೇಳುವುದಿಲ್ಲ. ತಟ್ಟೆಗೆ ಇಟ್ಟದ್ದನ್ನು ಮುತ್ತೈದೆಯ ಎದುರು ಎತ್ತಿಡುವುದೂ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಇಟ್ಟಿದ್ದೆ. ಇವಳು ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಕಣ ಇಟ್ಟಳು, ತಮ್ಮನ ಗಡ್ಡೆಗಳನ್ನೂ ಎರಡೂ ಕೈಯಿಂದ ತೆಗೆದು ಆ ಸೆರಗಿಗೆ ಹಾಕಿದಳು. "ಅಯ್ಯೋ, ಯಾಕ್ರೀ ಕಿತ್ರಿ?" ಎಂದು ಅಮ್ಮಾವ್ರೇ ಪೇಚಾಡಿದರು. ನಾನು ಹಲ್ಲು ಕಿರಿದು, "ಈರುಳ್ಳಿ ಹಂಗೇ ರೀ ಅಮ್ಮಾ, ಎಲ್ಲಿ ಇಟ್ರೂ ಹತ್ಕೊಂತಾವೆ" ಎಂದೆ.

ನಾಲ್ಕನೇ ದಿನ ಜಗಳೂರಿಗೆ ವರ್ಗದ ಆರ್ಡರ್ ಬಂತು. ಅಂಗಲಾಚಲು ಶಿವಮೊಗ್ಗಕ್ಕೆ ಹೋದೆ. ಗುಮಾಸ್ತ ಫೈಲು ತೆಗೆದು ತೋರಿಸಿದ: ಸಾಹೇಬರು ಸಹಿ ಹಾಕಿದ್ದು ನಮ್ಮ ಮನೆಗೆ ಊಟಕ್ಕೆ ಬರುವ ಹಿಂದಿನ ದಿನ. ಸಹಿ ಹಾಕಿಯೇ ಬಂದು ತುಪ್ಪ ಹಾಕಿಸಿಕೊಂಡು ಹೋಳಿಗೆ ತಿಂದಿದ್ದ ಮನುಷ್ಯ. ಆದರೂ ಬಿಡದೆ ಅವರ ಬಂಗಲೆಗೆ ಹೋದೆ. ಸಾಹೇಬರು ಸಿಗಲಿಲ್ಲ. ಗೇಟಿನ ಪಕ್ಕ ಹನ್ನೆರಡನ್ನೂ ಅಚ್ಚುಕಟ್ಟಾಗಿ ನೆಟ್ಟು ನೀರು ಹಾಕಿದ್ದರು. ಎಲ್ಲವೂ ಕೊಳೆತ ಹುಲ್ಲಿನ ಹಾಗೆ ನೆಲಕ್ಕೆ ಅಂಟಿದ್ದವು. ಅಮ್ಮಾವ್ರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ದಾರಿ ಉಳಿಯಲಿಲ್ಲ. ಮನೆಗೆ ಬಂದು ವರ್ಗದ ವಿಷಯವಷ್ಟೇ ಹೇಳಿದೆ. ಇವಳು ಗಡ್ಡೆಗಳ ಬಗ್ಗೆ ಕೇಳಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಆ ಉಪಕಾರವನ್ನು ಅವಳು ಮಾಡಲಿಲ್ಲ.

ತಮ್ಮ ಹೇಳಿದ ದಿನಕ್ಕೇ ಬಂದ. ಟ್ರಂಕು ಇಳಿಸಿ, ಬೂಟು ಸಹ ಬಿಚ್ಚದೆ ನೇರ ಹಿತ್ತಿಲಿಗೆ ಹೋದ. ಊಟಕ್ಕೆ ಕೂತಾಗ ಕೇಳಿದ: "ಅಕ್ಕಾ, ಒಂದೂ ಬರಲಿಲ್ವಾ?"

ನಾನು ಅನ್ನ ಕಲಸುತ್ತಿದ್ದೆ.

"ನೀರು ಜಾಸ್ತಿ ಹಾಕಿಬಿಟ್ಟೆ ಕಣೋ" ಎಂದಳು ಅವಳು. "ಎಲ್ಲಾ ಕೊಳೆತು ಹೋದ್ವು."

"ನೀರು ಕಮ್ಮಿ ಹಾಕು ಅಂತ ಬರೆದಿದ್ನಲ್ಲಕ್ಕಾ! ಮಂಜಿನಾಗೆ ಕೈ ಮರಗಟ್ಟಿ ಹೋಗಿತ್ತು ಅವನ್ನ ಅಗೆಯಾಕೆ" ಎಂದು ಅವನು ಮುಖ ಸಣ್ಣ ಮಾಡಿದ. ಅವಳು ತಪ್ಪಾಯ್ತಪ್ಪ ಎಂದು ನಕ್ಕು, ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಅವನು ನನ್ನ ಕಡೆ ತಿರುಗಿದ. "ಭಾವಾ, ನೀವು ಇದನ್ನೇ ಓದಿದೋರು. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?"

ನಿಜ ಹೇಳಲು ಅಷ್ಟು ಒಳ್ಳೆಯ ಅವಕಾಶ ನನಗೆ ಮತ್ತೆ ಸಿಗಲಿಲ್ಲ. ಸುಮ್ಮನಿದ್ದರೂ ಆಗುತ್ತಿತ್ತು.

"ಹೇಳಿದೆನಪ್ಪ" ಎಂದೆ. "ನಿಮ್ಮಕ್ಕ ಕೇಳಬೇಕಲ್ಲ."

ತಮ್ಮ ಬೈದಾಗ ನಗುತ್ತಿದ್ದವಳು ಸಾರಿನ ಪಾತ್ರೆಯನ್ನು ಅಲ್ಲೇ ಇಟ್ಟು, ಎದ್ದು ಒಳಗೆ ಹೋದಳು.