ಅರಿಶಿನ ಕುಂಕುಮದ ಕಂಪ್ಯೂಟರ್

ಕಳೆದ ವಾರ ನಾನೊಂದು ಸುಳ್ಳು ಹೇಳಿದೆ. ಎರಡೇ ಅಕ್ಷರದ್ದು: "ಓಕೆ."

ಅಕ್ಕನ ಮಗಳ ಮದುವೆ. ಕರೆಯೋಲೆ ಮಾಡಿಸಲು ಅಕ್ಕನ ಜೊತೆ ಶಿರಸಿಯ ಒಂದು ಡಿಟಿಪಿ ಅಂಗಡಿಗೆ ಹೋಗಿದ್ದೆ. ಟೈಪ್ ಮಾಡುವ ನಾಗವೇಣಿ, "ಸ್ಕ್ರೀನ್ ಮೇಲೇ ಓದಿ ಓಕೆ ಹೇಳಿ ಸರ್, ಸಂಜೆಗೆ ಅಚ್ಚಿಗೆ ಹೋಗ್ತದೆ" ಎಂದಳು. ನೋಡಿದರೆ ಕಂಪ್ಯೂಟರಿಗೆ ಕಂಪ್ಯೂಟರೇ ಅರಿಶಿನ ಕುಂಕುಮ ಮೆತ್ತಿಕೊಂಡು ಕೂತಿದೆ! ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಮೆನು ಮಾತ್ರ ಹಸಿರು. (ತೋರಣ ಇರಬೇಕು.)

"ಇದೆಂತ ಮಾರಾಯ್ತಿ?"

"ಎಂತ ಮಾಡೂದು ಸರ್? ಮೊದ್ಲು ಬಿಳಿ ಮೇಲೆ ಕಪ್ಪೇ ಇತ್ತು. ಮಂಚಿಕೇರಿಯವರೊಬ್ರು ನೋಡಿ, 'ಇದು ಮದುವೆ ಕಾಗ್ದವೋ, ಬೊಜ್ಜದ ಕಾಗ್ದವೋ' ಅಂತ ಎದ್ದೇ ಹೋದ್ರು. ಅವತ್ತೇ ಥೀಮ್ ಬದಲಾಯಿಸ್ದೆ."

ಅವಳದೂ ತಪ್ಪಲ್ಲ. ಶುಭಕಾರ್ಯಕ್ಕೆ ಕೆಂಪಕ್ಷರ, ಬೊಜ್ಜಕ್ಕೆ, ಅಂದರೆ ಸತ್ತವರ ಕಾರ್ಯಕ್ಕೆ, ಕಪ್ಪಕ್ಷರ ಎಂಬುದು ನಮ್ಮ ಕಡೆಯ ರೂಢಿ. ಆದರೆ ಅದು ಕಾಗದಕ್ಕೆ. ಪರದೆಗೂ ಮಡಿಯೇ?

ಕಣ್ಣು ಕಿರಿದು ಮಾಡಿ ನೋಡಿದೆ. ಹಳದಿಯ ಮೇಲೆ ಕೆಂಪು ಕುಣಿಯುತ್ತಿತ್ತು. ಪತ್ರಿಕೆಗೆ ಬರೆಯುವ ಮನುಷ್ಯ ಹತ್ತು ಸಾಲು ಓದಲಾಗುವುದಿಲ್ಲ ಎಂದು ಹೇಳುವುದುಂಟೇ? "ಓಕೆ" ಎಂದುಬಿಟ್ಟೆ.

ಅಕ್ಕನಿಗೆ ಆ ಬಿಗುಮಾನ ಇಲ್ಲ. "ತಂಗೀ, ಯಂಗೆ ಒಂದಕ್ಷರವೂ ಕಾಣ್ತಿಲ್ಲೆ. ಕಪ್ಪಾದ್ರೂ ಅಡ್ಡಿಲ್ಲೆ, ಓದೂಲೆ ಬರೋ ಹಂಗೆ ಮಾಡು."

ನಾಗವೇಣಿ ಸೆಟ್ಟಿಂಗ್ಸ್‌ಗೆ ಹೋಗಿ ಕಂಪ್ಯೂಟರ್ ತಂದ ದಿನ ಇದ್ದ ಡಿಫಾಲ್ಟ್ ಥೀಮ್ ಒತ್ತಿದಳು. ಬಿಳಿ ಹಾಳೆ, ಕಪ್ಪಕ್ಷರ. ಅಕ್ಕ ಬೆರಳಿಟ್ಟು ಓದುತ್ತಾ ಹೋದವಳು ನಡುವೆ ನಿಂತಳು.

"ತಮಾ, ಮದುವೆ ಹದಿಮೂರಕ್ಕೆ ಅಲ್ದನಾ? ಇಲ್ಲಿ ಹದಿನೆಂಟು ಹೇಳಿ ಇದ್ದಲಾ!"

ಬಗ್ಗಿ ನೋಡಿದೆ. 13 ಇರಬೇಕಾದಲ್ಲಿ 18 ಕೂತಿತ್ತು. ಹಾಗೇ ಅಚ್ಚಾಗಿದ್ದರೆ ಮುಹೂರ್ತ ಮುಗಿದ ಐದನೇ ದಿನ ನೆಂಟರೆಲ್ಲ ರೇಷ್ಮೆ ಸೀರೆ ಉಟ್ಟು ಬಂದು ಖಾಲಿ ಅಂಗಳ ನೋಡುತ್ತಿದ್ದರು. ಅಷ್ಟಕ್ಕೂ ಓಕೆ ಅಂದವನು ಸೋದರಮಾವ! ನಿಜಕ್ಕೂ ನಾಚಿಕೆಯಾಯಿತು.

ಕಾರ್ಡು ರೂಢಿಯಂತೆ ಕೆಂಪಕ್ಷರದಲ್ಲೇ ಅಚ್ಚಾಗಿದೆ. ತಾರೀಖು ಸರಿ ಇದೆ.

ಈ ಡಿಫಾಲ್ಟ್ ಥೀಮನ್ನು ಬೋಳು ಎಂದು ಹೀಗಳೆದವರಲ್ಲಿ ನಾನೂ ಒಬ್ಬ. (ನಮ್ಮನೆ ಕಂಪ್ಯೂಟರಿಗೆ ಜೋಗದ ಫೋಟೋ ಹಾಕಿದ್ದೇನೆ, ಆ ನೊರೆಯಲ್ಲಿ ಫೈಲುಗಳ ಹೆಸರೇ ಕಾಣುವುದಿಲ್ಲ.) ಬಣ್ಣ ಆರಿಸುವವರ ಕಣ್ಣು ಚುರುಕಾಗಿರುತ್ತದೆ. ಓದುವವರ ಕಣ್ಣೂ ಹಾಗೇ ಇರಬೇಕೆಂದು ಎಲ್ಲಿದೆ? ಎಲ್ಲೋ ಕೂತ ಯಾರೋ ಪುಣ್ಯಾತ್ಮ ಅದನ್ನು ಯೋಚಿಸಿಯೇ ಬಿಳಿ ಮೇಲೆ ಕಪ್ಪು ಎಂದು ಇಟ್ಟಿದ್ದಾನೆ.

ಅವನಿಗೂ ಮನೆಯಲ್ಲೊಬ್ಬಳು ಅಕ್ಕ ಇದ್ದಿರಬೇಕು.