ಡಿಕ್ಕಿಯಲ್ಲಿದ್ದ ಮರಳು

ಮಸ್ಕತ್ತಿನ ಬೌಷರಿನಲ್ಲಿ ನಮ್ಮ ಕಟ್ಟಡದ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವವರು ನುಸ್ರತ್. ಅವರದು ಏಳು ಸೀಟಿನ ಹಳೆಯ ಬಿಳಿ ಕಾರು. ಅದರ ಡಿಕ್ಕಿಯಲ್ಲಿ ಮಕ್ಕಳ ಚೀಲಗಳ ಜೊತೆಗೆ ಯಾವಾಗಲೂ ಒಂದು ಗಾಳಿ ಪಂಪು ಇರುತ್ತದೆ. ಊರು ಉಪ್ಪಿನಂಗಡಿ. ಗಂಡ ಸಿದ್ದೀಕ್ ರುಸೈಲ್‌ನ ಒಂದು ಪೈಪ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೆಲವು ವರ್ಷ ನಾನೂ ಆ ಕಾರಿನ ಹಿಂದಿನ ಸೀಟಿನಲ್ಲಿ ಶಾಲೆಗೆ ಹೋಗಿದ್ದೇನೆ. ಇಲ್ಲಿರುವುದು ಅವರ ಬಾಯಿಂದಲೇ ಕೇಳಿದ್ದು. ಅರ್ಥವಾಗದ ಕಡೆ ಮತ್ತೊಮ್ಮೆ ಕೇಳಿಕೊಂಡು ಬರೆದಿದ್ದೇನೆ. ಮನೆಯವರ ನಡುವೆ ಅವರು ಆಡುವುದು ಬ್ಯಾರಿ ಭಾಷೆ. ಅದನ್ನು ನಮ್ಮ ಕರಾವಳಿಯ ಕನ್ನಡಕ್ಕೆ ತಂದಿದ್ದೇನೆ.

ಒಮಾನಿನಲ್ಲಿ ಲೈಸೆನ್ಸ್ ಸುಲಭವಾಗಿ ಸಿಗುವುದಿಲ್ಲ. ಮೊದಲು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತೆಗೆಯಬೇಕು, ಆಮೇಲೆ ಏರಿನಲ್ಲಿ ನಿಲ್ಲಿಸಿ ಹೊರಡಿಸಬೇಕು, ಕೊನೆಗೆ ರಸ್ತೆಯ ಪರೀಕ್ಷೆ. ನುಸ್ರತ್ ರಸ್ತೆಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದರು.

“ಸಾಕು ಮಾರಾಯ್ತಿ,” ಎಂದರಂತೆ ಸಿದ್ದೀಕ್. “ನಿನ್ನ ಮುಖ ನೋಡಿ ನೋಡಿ ಪೊಲೀಸರಿಗೂ ಬೇಜಾರು ಬಂದಿರ್ಬಹುದು.”

“ಬರ್ಲಿ. ಬೇಜಾರು ಬಂದ ಮೇಲಾದ್ರೂ ಪಾಸ್ ಮಾಡ್ತಾರೆ.”

ಪಾಸಾದ ಮೇಲೆ ಒಂದು ಶುಕ್ರವಾರ ಬೌಷರಿನ ಮರಳು ದಿಬ್ಬಕ್ಕೆ ಹೋಗಿ ಕಾರನ್ನು ಹೂತು ಹಾಕಿದರು. ಎಷ್ಟು ಆಕ್ಸಿಲರೇಟರ್ ಒತ್ತಿದರೂ ಚಕ್ರ ಕೆಳಗೇ ಇಳಿಯಿತು. ಅಲ್ಲೇ ಒಂಟೆಗೆ ಹುಲ್ಲು ಹಾಕುತ್ತಿದ್ದ ಅಲಿ ಎಂಬ ಒಮಾನಿ ಮುದುಕರು ಬಂದು, ಮಾತಿಲ್ಲದೆ ಕೀಲಿಯ ತುದಿಯಿಂದ ನಾಲ್ಕೂ ಟಯರಿನ ಗಾಳಿ ಇಳಿಸಿದರು. “ಖಲಾಸ್. ಯಲ್ಲಾ!” ಎಂದರು, ಆಯಿತು, ಹೊರಡು ಎಂದು. ಗಾಳಿ ಇಳಿದ ಟಯರು ಅಗಲವಾಗಿ ಮರಳಿನ ಮೇಲೆ ನಿಂತು, ಕಾರು ದೋಣಿಯಂತೆ ಮೆಲ್ಲಗೆ ಹೊರಗೆ ಬಂತು. ಇಳಿಸಿದ ಗಾಳಿ ಮತ್ತೆ ತುಂಬಲೆಂದು ಅಂದಿನಿಂದ ಕಾರಿನಲ್ಲಿ ಪಂಪು ಇದೆ. ಎಷ್ಟೋ ಜನರ ಕಾರನ್ನು ನುಸ್ರತ್ ಅದೇ ದಿಬ್ಬದಿಂದ ಹೊರಗೆ ತೆಗೆಸಿದ್ದಾರೆ. ತಂಗಿ ರಸೀನಾಗೆ ಅವರು ಡ್ರೈವಿಂಗ್ ಕಲಿಸಿದ್ದೂ ಆ ದಿಬ್ಬದ ಕೆಳಗಿನ ಬಯಲಿನಲ್ಲಿ.

ರಸೀನಾ ಮದುವೆಯಾಗಿ ಮೊದಲು ಒಮಾನಿನ ಗಡಿಯ ಬುರೈಮಿಯಲ್ಲಿದ್ದರು. ಗಂಡ ರಿಯಾಝ್ ಅಲ್ಲಿ ಅಂಗಡಿಯೊಂದರ ಲೆಕ್ಕ ನೋಡುತ್ತಿದ್ದರು. ಆಗ ರಸೀನಾ ಬುರೈಮಿಯಿಂದ ಮೂರು-ನಾಲ್ಕು ಗಂಟೆಯ ದಾರಿ ಒಬ್ಬರೇ ಕಾರು ಓಡಿಸಿಕೊಂಡು ಅಕ್ಕನ ಮನೆಗೆ ಬರುತ್ತಿದ್ದರು. ಆಮೇಲೆ ಇಬ್ಬರೂ ಕೆನಡಾದ ಕ್ಯಾಲ್ಗರಿಗೆ ಹೋದರು. ಮೊದಲ ಚಳಿಗಾಲದಲ್ಲೇ ಒಂದು ತಿರುವಿನಲ್ಲಿ ಮಂಜುಗಡ್ಡೆಯ ಮೇಲೆ ರಸೀನಾರ ಕಾರು ಜಾರಿ, ಒಂದು ಸುತ್ತು ತಿರುಗಿ, ದೀಪದ ಕಂಬಕ್ಕೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ರಸೀನಾ ಆಮೇಲೆ ಸ್ಟೇರಿಂಗ್ ಹಿಡಿಯಲಿಲ್ಲ, ಬೇಸಿಗೆಯಲ್ಲೂ ಕೂಡ. ಅವರಿಗೆ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಗೆ ಬಸ್ಸಿಲ್ಲವೆಂದು ಅದನ್ನೂ ಬಿಟ್ಟರು. ರಿಯಾಝ್ ಗೋದಾಮಿನ ಕೆಲಸ ಮುಗಿಸಿ ಬರುವವರೆಗೆ ಮನೆಯೊಳಗೇ ಇರುತ್ತಿದ್ದರು.

ದಿನವೂ ನುಸ್ರತ್ ಮಕ್ಕಳನ್ನು ಶಾಲೆಗೆ ಬಿಟ್ಟು, ಕಾರಿನಲ್ಲೇ ಕೂತು ಕರಕ್ ಚಹಾ ಕುಡಿಯುವಾಗ ರಸೀನಾರ ಫೋನು ಬರುತ್ತಿತ್ತು. ಅಲ್ಲಿ ಅದು ಹಿಂದಿನ ದಿನದ ರಾತ್ರಿಯೂಟದ ಹೊತ್ತು. ಮಾತೆಲ್ಲ ಅಕ್ಕನದೇ. ರಸೀನಾಗೆ ಹೇಳಲು ಹೊಸತೇನೂ ಇರುತ್ತಿರಲಿಲ್ಲ.

“ಇವತ್ತು ಎಲ್ಲಿಗೆ ಹೋಗಿದ್ದೆ?”

“ಎಲ್ಲಿಗೆ ಹೋಗ್ಲಿ? ಕಿಟಕಿ ಹತ್ರ ಹೋಗಿದ್ದೆ.”

ಈ ಮಾತು ಕೇಳಿದ ದಿನವೇ ನುಸ್ರತ್ ಕೆನಡಾಕ್ಕೆ ವೀಸಾ ಹಾಕುವುದೆಂದು ತೀರ್ಮಾನಿಸಿದರು. ಶಾಲೆಯ ಚಳಿಗಾಲದ ರಜೆಯಲ್ಲಿ ಕ್ಯಾಲ್ಗರಿ ನೋಡಲು ಹೋಗುವುದು ಎಂದು ಎಲ್ಲರಿಗೂ ಹೇಳಿದರು. ಸಿದ್ದೀಕ್‌ಗೆ ಮಾತ್ರ ನಿಜ ಹೇಳಿದರು: ತಂಗಿಯನ್ನು ಮತ್ತೆ ಸ್ಟೇರಿಂಗ್ ಮುಂದೆ ಕೂರಿಸದೆ ವಾಪಸು ಬರುವುದಿಲ್ಲ.

ಕಾರಿನಲ್ಲಿ ಮಕ್ಕಳಿಗೂ ಸುದ್ದಿ ತಿಳಿಯಿತು. ಮೂರನೇ ತರಗತಿಯ ಶೈಲಶ್ರೀ ಬಾಗಲಕೋಟೆ ಕಡೆಯವರ ಮಗಳು. ಅವಳು ಕೇಳಿದಳು: “ಆಂಟಿ, ಅಲ್ಲಿ ಲೇಕ್ ಫ್ರೀಜ್ ಆಗಿರ್ತಾವಂತ. ನೀವು ಅದರ ಮ್ಯಾಲೆ ನಿಂತು ಫೋಟೋ ಕಳಸ್ತೀರೇನ್ರಿ? ಪ್ರಾಮಿಸ್?”

“ಪ್ರಾಮಿಸ್,” ಎಂದರು ನುಸ್ರತ್.

ಕ್ಯಾಲ್ಗರಿಯ ವಿಮಾನ ನಿಲ್ದಾಣದಿಂದ ಹೊರಗೆ ಬಂದು ಮೊದಲ ಉಸಿರು ಎಳೆದಾಗ ಮೂಗಿನೊಳಗಿನ ಕೂದಲು ಕಡ್ಡಿಯಾಯಿತಂತೆ. ರಿಯಾಝ್ ಸಾಮಾನು ಇಡಲು ಡಿಕ್ಕಿ ತೆರೆದರು. ಒಳಗೆ ಒಂದು ಸಲಿಕೆ, ಪಕ್ಕದಲ್ಲಿ ದಪ್ಪ ಪ್ಲಾಸ್ಟಿಕ್ ಚೀಲದ ತುಂಬ ಮರಳು.

“ಇದೆಂತ ರಿಯಾಝ್, ಮರಳು?”

“ಭಾರಕ್ಕೆ ಅಕ್ಕ. ಮತ್ತೆ ಚಳಿಗಾಲದಲ್ಲಿ...”

“ಒಮಾನಿನಿಂದ ಬಂದವಳಿಗೆ ಮರಳು ತೋರಿಸ್ತೀಯಲ್ಲ ಮಾರಾಯ! ಹೇಳಿದ್ರೆ ನಾನೇ ಎರಡು ಲಾರಿ ತರ್ತಿದ್ದೆ.”

ರಿಯಾಝ್ ನಕ್ಕು ಡಿಕ್ಕಿ ಮುಚ್ಚಿದರು. ಅವರ ಮಾತು ಅರ್ಧಕ್ಕೇ ನಿಂತಿತು.

ಮೊದಲ ದಿನಗಳಲ್ಲಿ ರಿಯಾಝ್ ರಜೆ ಹಾಕಿ ಊರು ತೋರಿಸಿದರು. ಕ್ಯಾಲ್ಗರಿ ಟವರಿನ ಮೇಲೆ ಗಾಜಿನ ನೆಲವಿದೆ. ಅದರ ಮೇಲೆ ನಿಂತು ಕಾಲ ಕೆಳಗೆ ರಸ್ತೆ ನೋಡಬಹುದು. ನುಸ್ರತ್ ನಿಂತರು, ರಸೀನಾ ಗೋಡೆಯ ಬಳಿಯೇ ಉಳಿದರು. ಪೇಟೆಯ ನಡುವಿನ ಕಟ್ಟಡಗಳಿಗೆ ಒಂದರಿಂದ ಒಂದಕ್ಕೆ ಗಾಜಿನ ಸೇತುವೆಗಳಿವೆ. ಹೊರಗಿನ ಚಳಿಗೆ ಇಳಿಯದೆ ಊರು ಸುತ್ತಬಹುದು. ಮಸ್ಕತ್ತಿನಲ್ಲಿ ಬಿಸಿಲಿಗೆ ಹೆದರಿ ಮಾಲಿನೊಳಗೆ ನಡೆಯುವ ಹಾಗೆಯೇ ಇದು ಎಂದು ನುಸ್ರತ್‌ಗೆ ಅನಿಸಿತು. ಬೋ ನದಿಯ ಮೇಲೆ ಕೊಳವೆಯ ಆಕಾರದ ಕೆಂಪು ಸೇತುವೆ ಇದೆ. ಅದರ ಕೆಳಗೆ ಮಂಜುಗಡ್ಡೆಯ ಹಲಗೆಗಳು ಒಂದಕ್ಕೊಂದು ಉಜ್ಜುತ್ತಾ ಹೋಗುತ್ತಿದ್ದವು. ಸಂಜೆ ಮೃಗಾಲಯದಲ್ಲಿ ದೀಪಾಲಂಕಾರ. ಪ್ರಾಣಿಗಳು ಒಳಗೆ ಮಲಗಿದ್ದವು, ದೀಪದ ಪ್ರಾಣಿಗಳು ಹೊರಗಿದ್ದವು.

ಪ್ರತಿ ಸಲ ಹೊರಡುವಾಗಲೂ ನುಸ್ರತ್ ಕಾರಿನ ಕೀಲಿಯನ್ನು ತಂಗಿಯ ಮುಂದೆ ಹಿಡಿಯುತ್ತಿದ್ದರು. ಗಲ್ಲಿಯ ತುದಿಯವರೆಗೆ ಸಾಕು, ಅಂಗಡಿಯವರೆಗೆ ಸಾಕು ಎನ್ನುತ್ತಿದ್ದರು. ಕೊನೆಗೆ ಅಂಗಡಿಯ ಪಾರ್ಕಿಂಗಿನಲ್ಲೇ ರಸೀನಾಗೆ ಸಿಟ್ಟು ಬಂತು.

“ನೀನು ಬಂದದ್ದು ಊರು ನೋಡ್ಲಿಕ್ಕಾ, ನನ್ನ ಪರೀಕ್ಷೆ ತೆಗೀಲಿಕ್ಕಾ? ನೀನು ಜಾರಿದ್ದೀಯಾ ಒಮ್ಮೆಯಾದ್ರೂ? ಸ್ಟೇರಿಂಗ್ ಒಂದು ಕಡೆ, ಕಾರು ಒಂದು ಕಡೆ. ನಿಂಗೆ ಗೊತ್ತಿಲ್ಲ ಅಕ್ಕ.”

“ಕಾರು ಎಲ್ಲಾದ್ರೂ ಕಾರೇ.”

“ಹಾಗಾದ್ರೆ ನೀನೇ ಓಡಿಸು.”

ನುಸ್ರತ್‌ಗೆ ಆ ಮಾತು ಹಿಡಿಸಲಿಲ್ಲ. ಆದರೆ ಅದೇ ಆಯಿತು. ಬೆಟ್ಟದ ಕಡೆ ಹೋಗಬೇಕೆಂದಿದ್ದ ದಿನ ರಿಯಾಝ್‌ಗೆ ಕೆಲಸಕ್ಕೆ ಕರೆ ಬಂತು. ನುಸ್ರತ್ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬಂದಿದ್ದರು, ರಿಯಾಝ್ ವಿಮೆಯವರಿಗೂ ಹೇಳಿಟ್ಟಿದ್ದರು. ಗೆಳೆಯನ ಕಾರಿನಲ್ಲಿ ಕೆಲಸಕ್ಕೆ ಹೊರಡುವ ಮುಂಚೆ ರಿಯಾಝ್, “ಮೊನ್ನೆ ಬಿಸಿಗಾಳಿ ಬೀಸಿ ಹಿಮ ಕರಗಿತ್ತು, ನಿನ್ನೆ ಮತ್ತೆ ಗಟ್ಟಿಯಾಗಿದೆ. ರಸ್ತೆಯ ಅಂಚಿಗೆ ಇಳಿಸ್ಬೇಡಿ ಅಕ್ಕ” ಎಂದು ಎರಡು ಸಲ ಹೇಳಿದರು.

ಹೆದ್ದಾರಿ ಒಳ್ಳೆಯದಿತ್ತು. ಮುಂದೆ ಬೆಟ್ಟಗಳು ಹತ್ತಿರವಾಗುತ್ತಾ ಬಂದವು. ಒಮಾನಿನ ಬೆಟ್ಟಗಳ ಹಾಗೆಯೇ ಬೋಳು ಬಂಡೆ, ತಲೆಗೆ ಮಾತ್ರ ಬಿಳಿ. ನುಸ್ರತ್ ಸಲೀಸಾಗಿ ಓಡಿಸಿದರು. ತಂಗಿ ನೋಡಲಿ, ಹೆದರಿಕೆ ಬಿಡಲಿ ಎಂಬುದೇ ಅವರ ಲೆಕ್ಕ. ರಸೀನಾ ಬಾಗಿಲಿನ ಹಿಡಿಯನ್ನು ಬಿಡಲೇ ಇಲ್ಲ.

ಬೆಟ್ಟಗಳ ನಡುವಿನ ಬ್ಯಾನ್ಫ್ ಪೇಟೆಯ ಆಚೆ, ಒಂದು ಕೆರೆಯ ಬಳಿ ನಿಲ್ಲಿಸಿದರು. ಕೆರೆ ಪೂರ್ತಿ ಬೆಳ್ಳಗಾಗಿತ್ತು. ಹತ್ತಿರದಿಂದ ಕಾಣಲೆಂದು ನುಸ್ರತ್ ಪಾರ್ಕಿಂಗಿನ ಕೊನೆಯವರೆಗೆ ಹೋಗಿ, ಕಾರನ್ನು ಅಂಚಿಗೆ ಇಳಿಸಿದರು. ಮುಂದಿನ ಚಕ್ರಗಳು ಹಿಮದ ಹೊರಪದರ ಒಡೆದು ಒಳಗೆ ಕುಸಿದವು. ಹಿಂದಕ್ಕೆ ತೆಗೆದರೆ ಚಕ್ರ ಸುತ್ತಿತು, ಕಾರು ಕದಲಲಿಲ್ಲ.

ಆ ಸದ್ದು ನುಸ್ರತ್‌ಗೆ ಚೆನ್ನಾಗಿ ಗೊತ್ತಿತ್ತು. ಬೌಷರಿನಲ್ಲಿ ಎಷ್ಟು ಸಲ ಕೇಳಿದ್ದಾರೆ! ಅವರು ಕೀಲಿ ತೆಗೆದುಕೊಂಡು ಇಳಿದರು.

“ಎಂತ ಮಾಡ್ತೀಯಾ ಅಕ್ಕ?”

“ಗಾಳಿ ಇಳಿಸ್ತೇನೆ.”

“ಇದು ಹಿಮ ಅಕ್ಕ. ಡಿಕ್ಕಿಯಲ್ಲಿ ಮರಳು ಉಂಟಲ್ಲ, ರಿಯಾಝ್ ಹೇಳ್ತಾರೆ...”

“ಮರಳಿನ ವಿಷಯ ನಂಗೆ ಹೇಳ್ಬೇಡ. ನಿಂಗೆ ಕಲಿಸಿದ್ದು ಯಾರು?”

ದಪ್ಪ ಕೈಗವಸು ಹಾಕಿಕೊಂಡು ಕೀಲಿ ಹಿಡಿಯಲು ಆಗಲಿಲ್ಲ. ನುಸ್ರತ್ ಅದನ್ನು ಕಳಚಿ, ಬರಿಗೈಯಲ್ಲಿ ಮುಂದಿನ ಎರಡು ಟಯರುಗಳ ವಾಲ್ವ್ ಒತ್ತಿ ಗಾಳಿ ಇಳಿಸಿದರು. ಚಳಿ ಮೈನಸ್ ಹದಿನೆಂಟು. ಮೊದಲು ಬೆರಳು ಉರಿದವು, ಆಮೇಲೆ ಏನೂ ಗೊತ್ತಾಗಲಿಲ್ಲ. ಟಯರು ಅಗಲವಾದವು, ಜೊತೆಗೆ ಕಾರಿನ ಮೂತಿಯೂ ಕೆಳಗಿಳಿದು, ಹೊಟ್ಟೆ ಗಟ್ಟಿ ಹಿಮದ ಮೇಲೆ ಕೂತುಬಿಟ್ಟಿತು. ಆ ಹಿಮ ಮರಳಿನಂತೆ ಸರಿದು ಜಾಗ ಕೊಡುವ ಜಾತಿಯದಲ್ಲ. ಚಕ್ರದ ಕೆಳಗೆ ಕನ್ನಡಿಯಂಥ ಮಂಜುಗಡ್ಡೆ. ಒಳಗೆ ಕೂತು ರಿವರ್ಸ್ ಹಾಕಿದರೆ ಚಕ್ರ ಮೊದಲಿಗಿಂತ ಸಲೀಸಾಗಿ ಸುತ್ತಿತು. ಕಾರು ಸ್ವಲ್ಪವೂ ಅಲುಗಲಿಲ್ಲ. ಗಾಳಿ ಪಂಪು ಬೌಷರಿನಲ್ಲಿತ್ತು.

ನುಸ್ರತ್ ಮತ್ತೆ ಕೀಲಿ ತಿರುಗಿಸಲು ಹೋದರು. ಕೀಲಿ ಕೈಯಿಂದ ಜಾರಿ ಬಿತ್ತು. ಎರಡು ಬೆರಳು ಮೇಣದ ಹಾಗೆ ಬಿಳಿಚಿಕೊಂಡಿದ್ದವು.

ರಸೀನಾ ಅದನ್ನು ನೋಡಿದರು. ಅಕ್ಕನನ್ನು ಪಕ್ಕದ ಸೀಟಿಗೆ ಕೂರಿಸಿ, ಆ ಕೈಯನ್ನು ಅಕ್ಕನದೇ ಸ್ವೆಟರಿನೊಳಗೆ, ಕಂಕುಳಿಗೆ ಸೇರಿಸಿದರು. “ತೆಗೀಬೇಡ. ಉಜ್ಜಲೂಬೇಡ. ಸುಮ್ನೆ ಕೂತ್ಕೋ.”

“ರಿಯಾಝ್‌ಗೆ ಫೋನ್ ಮಾಡುವಾ?”

“ಅವ್ರು ಅಲ್ಲಿಂದ ಎಂತ ಮಾಡ್ತಾರೆ? ದುವಾ ಮಾಡ್ತಾರೆ. ಅದನ್ನು ನೀನೇ ಮಾಡು.”

ರಸೀನಾ ಡಿಕ್ಕಿ ತೆರೆದು ಸಲಿಕೆ ತೆಗೆದರು. ಕಾರಿನ ಹೊಟ್ಟೆಯ ಕೆಳಗಿನ ಹಿಮವನ್ನು ಮಲಗಿಕೊಂಡೇ ಕೆರೆದು ಹೊರಗೆ ಹಾಕಿದರು. ಆಮೇಲೆ ಮರಳಿನ ಚೀಲವನ್ನು ಎಳೆದು ತಂದು, ಬಾಯಿ ಹರಿದು, ಎರಡು ಚಕ್ರಗಳ ಹಿಂದೆ ದಾರಿಯ ಹಾಗೆ ಸುರಿದರು. ಬಿಳಿಯ ಮೇಲೆ ಎರಡು ಕಂದು ಪಟ್ಟಿ ಮೂಡಿತು. ನುಸ್ರತ್ ಒಳಗೆ ಕೂತು, ಇನ್ನೊಂದು ಕೈಯಲ್ಲಿ ಅದರ ಫೋಟೋ ತೆಗೆದರು. ಯಾಕೆ ತೆಗೆದರೆಂದು ನಾನು ಕೇಳಿದ್ದಕ್ಕೆ, “ಬೇರೆಂತ ಮಾಡ್ಲಿಕ್ಕಿತ್ತು ನಂಗೆ?” ಎಂದರು.

ಅಷ್ಟರಲ್ಲಿ ಪಿಕಪ್ಪಿನಲ್ಲಿ ಬಂದ ಒಬ್ಬ ಗಡ್ಡದವನು ನಿಲ್ಲಿಸಿ, ಹಗ್ಗ ಕಟ್ಟಿ ಎಳೆಯಲೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನುಸ್ರತ್ ಒಳಗಿನಿಂದಲೇ ಹೌದು ಹೌದು ಎಂದು ತಲೆಯಾಡಿಸಿದರು. ರಸೀನಾ ಒಂದು ಕ್ಷಣ ಸಲಿಕೆ ಹಿಡಿದು ನಿಂತರು.

“ನಾನು ಮೊದಲು ಒಂದು ಸಲ ನೋಡ್ತೇನೆ. ಆಗದಿದ್ದರೆ ಎಳೆಯಿರಿ,” ಎಂದರು ಅವನಿಗೆ. ಅವನು ಸರಿ ಎಂದು ದೂರ ಸರಿದ.

ರಸೀನಾ ಸ್ಟೇರಿಂಗ್ ಮುಂದೆ ಕೂತರು. ಸೀಟನ್ನು ಮುಂದಕ್ಕೆ ಎಳೆದರು, ಕನ್ನಡಿ ಸರಿ ಮಾಡಿದರು. ನುಸ್ರತ್ ಏನೋ ಹೇಳಲು ಬಾಯಿ ತೆರೆದರು.

“ಮಾತಾಡಬೇಡ ಅಕ್ಕ. ನೀನು ಮಾತಾಡಿದ್ರೆ ನಂಗೆ ಆಗುದಿಲ್ಲ.”

ನುಸ್ರತ್ ಬಾಯಿ ಮುಚ್ಚಿದರು. ಅವರಿಗೆ ಅದು ಸುಲಭದ ಕೆಲಸವಲ್ಲ.

ರಸೀನಾ ಬಿಸ್ಮಿಲ್ಲಾ ಹೇಳಿ ರಿವರ್ಸ್ ಹಾಕಿ, ಕಾಲನ್ನು ಹಗುರವಾಗಿ ಇಟ್ಟರು. ಚಕ್ರ ಮರಳನ್ನು ಕಚ್ಚಿತು. ಕರಕರ ಸದ್ದು ಬಂತು. ಕಾರು ಒಮ್ಮೆ ನಿಂತಿತು, ಮತ್ತೆ ಹೊರಟಿತು, ಆಮೇಲೆ ಹಿಂದಕ್ಕೆ ಸರಿದು ಗಟ್ಟಿ ನೆಲದ ಮೇಲೆ ಬಂದು ನಿಂತಿತು. ಗಡ್ಡದವನು ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಅಲ್ಲಿಂದ ಪೇಟೆಯ ಪೆಟ್ರೋಲ್ ಬಂಕಿನವರೆಗೆ ಗಾಳಿ ಕಡಿಮೆಯಾದ ಟಯರಿನಲ್ಲಿ ಆಮೆಯಂತೆ ಹೋಗಬೇಕಾಯಿತು. ಒಂದು ಇಳಿಜಾರಿನಲ್ಲಿ ಕಾರಿನ ಹಿಂಭಾಗ ಸ್ವಲ್ಪ ಜಾರಿತು. ನುಸ್ರತ್ “ಬ್ರೇಕ್!” ಎಂದು ಕೂಗಿದರು. ರಸೀನಾ ಬ್ರೇಕ್ ಒತ್ತಲಿಲ್ಲ. ಕಾಲು ತೆಗೆದು, ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿದರು. ಕಾರು ನೆಟ್ಟಗಾಯಿತು.

“ನೀನು ಹೇಳಿದ ಹಾಗೆ ಬ್ರೇಕ್ ಹಾಕಿದ್ರೆ ಈಗ ಆ ಮರದಲ್ಲಿರ್ತಿದ್ದೆವು,” ಎಂದರು ರಸೀನಾ. “ಆವತ್ತು ಕಂಬಕ್ಕೆ ಬಡಿದಾಗ ನಾನು ಮಾಡಿದ್ದೂ ಅದೇ.”

ನುಸ್ರತ್‌ರ ಬೆರಳಿಗೆ ಜೀವ ಬರುತ್ತಿತ್ತು. ಸೂಜಿ ಚುಚ್ಚಿದ ಹಾಗೆ ನೋಯುತ್ತಿತ್ತು.

ಬಂಕಿನಲ್ಲಿ ಗಾಳಿ ತುಂಬಿಸಿ, ಬಿಸಿ ಚಾಕಲೇಟ್ ಕುಡಿದರು. ಇನ್ನೂ ಮುಂದಿನ ದೊಡ್ಡ ಕೆರೆ ನೋಡುವುದಿತ್ತು, ಬಿಸಿನೀರಿನ ಬುಗ್ಗೆ ನೋಡುವುದಿತ್ತು. ಅದೆಲ್ಲ ಬಿಟ್ಟು, ಬೆಳಕಿರುವಾಗಲೇ ಮನೆಗೆ ತಿರುಗಿದರು. ನುಸ್ರತ್‌ರ ಕೈ ಇನ್ನೂ ನೆಟ್ಟಗಾಗಿರಲಿಲ್ಲ. ಹೆದ್ದಾರಿಯಲ್ಲಿ ಪೂರ್ತಿ ದಾರಿ ರಸೀನಾರೇ ಓಡಿಸಿದರು. ಹಿಂದಿನ ಲಾರಿಗಳು ಸಿಟ್ಟಿನಿಂದ ದಾಟಿ ಹೋದವು. “ಹೋಗ್ಲಿ, ಅವ್ರಿಗೆ ಅರ್ಜೆಂಟ್ ಇರ್ಬಹುದು,” ಎಂದರಂತೆ ರಸೀನಾ.

ಉಳಿದ ರಜೆಯಲ್ಲಿ ನುಸ್ರತ್ ಕೀಲಿಯನ್ನು ಯಾರ ಮುಂದೆಯೂ ಹಿಡಿಯಲಿಲ್ಲ. ರಸೀನಾ ಒಮ್ಮೆ ಕೋಳಿ ತರಲು ತಾವಾಗಿಯೇ ಕಾರು ತೆಗೆದರು, ಇನ್ನೊಮ್ಮೆ ತೆಗೆಯಲಿಲ್ಲ. ವಿಮಾನ ನಿಲ್ದಾಣಕ್ಕೆ ಬಿಟ್ಟವರು ರಿಯಾಝ್. ಹಾಗಾಗಿ ಹೋದ ಕೆಲಸ ಆಯಿತೋ ಇಲ್ಲವೋ ಎಂದು ಸಿದ್ದೀಕ್ ಕೇಳಿದಾಗ, ಗೊತ್ತಿಲ್ಲ ಎಂದೇ ನುಸ್ರತ್ ಉತ್ತರ ಕೊಟ್ಟರು.

ಶಾಲೆ ತೆರೆದ ದಿನ ಮಕ್ಕಳು ಕಾರಿನಲ್ಲಿ ಮುತ್ತಿಕೊಂಡರು. ನುಸ್ರತ್ ಫೋನಿನಲ್ಲಿ ಆ ಫೋಟೋ ತೋರಿಸಿದರು. ಶೈಲಶ್ರೀ ಅದನ್ನು ದೊಡ್ಡದು ಮಾಡಿ ನೋಡಿದಳು.

“ಆಂಟಿ, ದಿಸ್ ಈಸ್ ಸ್ಯಾಂಡ್! ಉಸುಕಿನ ಫೋಟೋ ತಗ್ಯಾಕ ಕೆನಡಾಕ್ಕ ಹೋಗಿದ್ರೇನ್ರಿ?”

“ಹೌದು. ಅಲ್ಲಿಯ ಮರಳು ಬೇರೆ.”

“ಲೇಕ್ ಮ್ಯಾಲೆ ನಿಂತಿಲ್ಲ?”

“ಇಲ್ಲ. ಪ್ರಾಮಿಸ್ ತಪ್ಪಿತು. ಬೆಲ್ಟ್ ಹಾಕ್ಕೊಳ್ಳಿ ಎಲ್ರೂ.”

ಆಮೇಲೆಯೂ ದಿನವೂ, ಮಕ್ಕಳನ್ನು ಬಿಟ್ಟು ಚಹಾ ಕುಡಿಯುವ ಹೊತ್ತಿಗೆ ರಸೀನಾರ ಫೋನು ಬರುತ್ತಿತ್ತು. ನುಸ್ರತ್ ಕಾರಿನ ಮಾತು ಎತ್ತುತ್ತಿರಲಿಲ್ಲ. ಒಂದು ದಿನ ಫೋನು ಬರಲಿಲ್ಲ. ಚಹಾ ಅರ್ಧವಾಯಿತು. ನುಸ್ರತ್ ತಾವೇ ಮಾಡಿದರು. ಎತ್ತಿದವರು ರಿಯಾಝ್.

“ಅವಳೆಲ್ಲಿ?”

“ಪಕ್ಕದಲ್ಲೇ ಇದ್ದಾಳೆ ಅಕ್ಕ. ಓಡಿಸ್ತಾ ಇದ್ದಾಳೆ. ಕಾರು ಇವತ್ತು ನಂಗಿರ್ಲಿ, ಗೋದಾಮಿನಿಂದ ನಿಮ್ಮನ್ನು ನಾನೇ ಕರ್ಕೊಂಡು ಬರ್ತೇನೆ ಅಂದಳು. ಕ್ಲಿನಿಕ್ಕಿನವರನ್ನೂ ಮಾತಾಡಿಸಿ ಬಂದಳಂತೆ. ಹಿಮ ಬೀಳ್ತಾ ಉಂಟು. ಸ್ಪೀಕರಿಗೆ ಹಾಕ್ಲಾ?”

ಹಿಂದಿನಿಂದ ರಸೀನಾರ ದನಿ ಕೇಳಿತು: “ಹಾಕ್ಬೇಡಿ! ಅವಳು ಬ್ರೇಕ್ ಅಂತ ಕೂಗ್ತಾಳೆ.”

“ನೀನೂ ಬಾಯಿ ಮುಚ್ಚಿ ಕೂತ್ಕೋ ರಿಯಾಝ್,” ಎಂದು ನುಸ್ರತ್ ಫೋನು ಇಟ್ಟರು. ಉಳಿದ ಚಹಾ ಮುಗಿಸಿ, ಕಾರು ಸ್ಟಾರ್ಟ್ ಮಾಡಿ ಮನೆಗೆ ಬಂದರು.