ಅಪ್ಪನ ಕಿವಿ, ನನ್ನ ನೋನಿ

ಅಪ್ಪ ನನ್ನ ಜೊತೆ ಮಾತು ಬಿಟ್ಟು ಎಂಟು ತಿಂಗಳಾಗಿದ್ದಾಗ ನಾನು ನೆಟ್ಟಿದ್ದ ನೋನಿ ಗಿಡ ಮೊದಲ ಸಲ ಹಣ್ಣು ಬಿಟ್ಟಿತು. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಹೆಚ್ಚು ನಾರುತ್ತಿದ್ದದ್ದು ಆ ಮೌನವೋ ಆ ಹಣ್ಣೋ ಎಂದು ಇವತ್ತಿಗೂ ನಿರ್ಧರಿಸಲಾಗಿಲ್ಲ.

ಮಾತು ಬಿಡಲು ಕಾರಣ ನಾನೇ. ನೊಣವಿನಕೆರೆಯ ಕಡೆಯಿಂದ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಡಿಗ್ರಿ ಓದುತ್ತಿದ್ದೇನೆ ಎಂದು ಊರು ನಂಬಿತ್ತು. ನಾನು ಕಲಿಯುತ್ತಿದ್ದದ್ದು ಕಂಡಕ್ಟರುಗಳ ಸೀಟಿ, ಮೇಷ್ಟ್ರ ಕೆಮ್ಮು, ಎದುರು ಮನೆ ಅಜ್ಜಿ ಸೀನಿದ ಮೇಲೆ ದೇವರಿಗೆ ಬೈಯುವ ರಾಗ. ಯಾರನ್ನೂ ಬಿಟ್ಟವನಲ್ಲ. ಕನ್ನಡಿಯ ಮುಂದೆ ನನ್ನನ್ನೇ ಅಣಕಿಸಿಕೊಂಡೂ ನೋಡಿದ್ದೆ. ಅಸಲೇ ಚೆನ್ನಾಗಿಲ್ಲದ್ದರಿಂದ ನಕಲಿಗೆ ನಗು ಬರಲಿಲ್ಲ.

ಅಪ್ಪನದು ಮಾತ್ರ ಅದ್ಭುತ ಅಸಲು. ನಮ್ಮ ಕಡೆ ಕೊಬ್ಬರಿ ಎಂದರೆ ಬಿಸಿಲಿಗೆ ಒಣಗಿಸಿದ ಹೋಳಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಹತ್ತಿರ ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಕಿವಿ. ಅಲ್ಲಾಡಿಸಿದಾಗ ಗುಳುಗುಳು ಎಂದರೆ ಇನ್ನೂ ನೀರಿದೆ, ಲೊಟಲೊಟ ಎಂದರೆ ಕೊಬ್ಬರಿ. ಈ ಎರಡು ಸದ್ದುಗಳ ನಡುವೆ ಇರುವ ನೂರು ಸದ್ದುಗಳನ್ನು ಕೇಳಬಲ್ಲವನು ಅಪ್ಪ. ದೂರದ ಹಾಲ್ಕುರಿಕೆಯಿಂದಲೂ ಜನ ಬಂದು ಅವನನ್ನು ಕರೆದುಕೊಂಡು ಹೋಗಿ ತಮ್ಮ ಅಟ್ಟ ಹತ್ತಿಸುತ್ತಿದ್ದರು. ಅಪ್ಪ ಒಂದು ಕಾಯಿ ಎತ್ತಿ, ಎಡಗಣ್ಣು ಮುಚ್ಚಿ, ಕಿವಿಯ ಹತ್ತಿರ ಎರಡೇ ಸಲ ಅಲ್ಲಾಡಿಸಿ, ಡಾಕ್ಟರು ನಾಡಿ ಹಿಡಿದು ಬಿಟ್ಟ ಹಾಗೆ ಕೆಳಗಿಟ್ಟು ಹೇಳುತ್ತಿದ್ದ: "ಇನ್ನೂ ಇಪ್ಪತ್ ದಿನ ಐತೆ."

ಇದನ್ನು ಅಣಕಿಸದೆ ಇರುವುದು ಹೇಗೆ? ಒಂದು ದಿನ ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನಲ್ಲಿ, ಮೂಟೆ ಹೊರುವವರ ಮುಂದೆ, ಒಬ್ಬನ ಬೋಳು ತಲೆಯನ್ನೇ ಹಿಡಿದು, ಎಡಗಣ್ಣು ಮುಚ್ಚಿ, ಅಲ್ಲಾಡಿಸಿ, "ಇದು ಕೊಳ್ತೋಗೈತೆ ಕಣ್ಲಾ, ಎಸ್ದುಬುಡು" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಅಪ್ಪ ನನ್ನ ಬೆನ್ನ ಹಿಂದೆ ನಿಂತಿದ್ದ. ಹೆಗಲ ಟವೆಲ್ ಕೊಡವಿ, ಹೊರಟು ಹೋದ.

ಅಂದಿನಿಂದ ಮನೆಯಲ್ಲಿ ಅಂಚೆ ವ್ಯವಸ್ಥೆ.

"ನಿನ್ ಮಗಂಗೆ ಹೇಳು, ಮೋಟ್ರು ಆಫ್ ಮಾಡು ಅಂತ."

"ನಿನ್ ಗಂಡಂಗೆ ಹೇಳವ್ವ, ಕರೆಂಟೇ ಇಲ್ಲ ಅಂತ."

ಅವ್ವ ಸೌಟು ಹಿಡಿದು ನಡುವೆ ನಿಲ್ಲುತ್ತಿದ್ದಳು. "ನಾನೇನ್ ಪೋಸ್ಟಾಫೀಸಾ? ಇಬ್ರೂ ಸ್ಟಾಂಪ್ ಹಚ್ಚಿ ಕೊಡ್ರಪ್ಪ."

ಇನ್ನು ನೋನಿ. ಅದಕ್ಕೂ ಮೂರು ವರ್ಷ ಹಿಂದೆ ಯಾವುದೋ ಕೃಷಿ ಪ್ರದರ್ಶನದಲ್ಲಿ ಅದನ್ನು ಕೊಂಡಿದ್ದೆ. ಗಿಡದ ಆಸೆಗಲ್ಲ, ಮಾರುವವನ ಮಾತಿನ ಆಸೆಗೆ. ಮನೆಗೆ ಬಂದವನೇ ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಯನ್ನು ಅಂಗೈ ಮೇಲೆ ಎತ್ತಿ ಹಿಡಿದು, ಮೂಗಿನಲ್ಲೇ ಕೂಗಿದ್ದೆ: "ಬನ್ನಿ ಸಾರ್ ಬನ್ನಿ, ನೋನಿ ನೋಡಿ ಸಾರ್! ಬಿಪಿ, ಶುಗರ್ರು, ಮಂಡಿ ನೋವು, ಮನಸಿನ ನೋವು, ಒಂದೇ ಹಣ್ಣಿಗೆ ಎಲ್ಲಾ ಗುಡಿಸಿ ಗುಂಡಾಂತರ ಸಾರ್!" ಅವ್ವ ಸೆರಗು ಬಾಯಿಗಿಟ್ಟು ನಕ್ಕಿದ್ದಳು. ಅಪ್ಪ ನಗಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ಅದು ನನಗಿಂತ ಬೇಗ ಬೆಳೆಯಿತು. ಹೊಳೆಯುವ ದೊಡ್ಡ ಎಲೆ, ಮೈ ತುಂಬ ಕಣ್ಣಿರುವ ಆಲೂಗಡ್ಡೆಯಂಥ ಕಾಯಿ. ಮೊದಲನೆಯದು ಗಿಡದಲ್ಲೇ ಬಿಳಿಚಿ ಮೆತ್ತಗಾಯಿತು. ಹಿಚುಕಿ ಮೂಸಿದೆ. ಮೂರು ದಿನದ ಮಜ್ಜಿಗೆಯಲ್ಲಿ ಹಾಸ್ಟೆಲ್ ಹುಡುಗನ ಕಾಲುಚೀಲ ನೆನೆಸಿ, ಅದರ ಮೇಲೆ ಯಾರೋ ವಾಂತಿ ಮಾಡಿಕೊಂಡ ವಾಸನೆ. ಮಾರುವವನು ಇದೊಂದನ್ನು ಮಾತ್ರ ಕೂಗಿ ಹೇಳಿರಲಿಲ್ಲ.

ಅಪ್ಪನ ಮೂಗಿಗೆ ಬಿದ್ದರೆ ಗಿಡ ಅವತ್ತೇ ಒಲೆಗೆ ಹೋಗುತ್ತಿತ್ತು. ನನಗೋ ಹಟ. ಈ ತೋಟದ ಸೀಮೆಯಲ್ಲಿ ನನ್ನದೂ ಒಂದು ಬೆಳೆ ಇರಲಿ, ಬಾಟಲಿಯಲ್ಲಿ ರಸ ತುಂಬಿ ಅಪ್ಪನ ಮುಂದೆ ಟಪ್ಪೆಂದು ಇಡಬೇಕು ಎಂಬ ಹಟ. ಗಿಡದ ಜೊತೆ ಕೊಟ್ಟಿದ್ದ ಚೀಟಿಯಲ್ಲಿ, ಹಣ್ಣನ್ನು ಭರಣಿಗೆ ಹಾಕಿ ಎರಡು ತಿಂಗಳು ಬಿಟ್ಟರೆ ರಸ ತಾನಾಗಿ ಇಳಿಯುತ್ತದೆ ಎಂದಿತ್ತು. ಎರಡು ತಿಂಗಳು ಒಂದು ವಸ್ತುವನ್ನು ಎಲ್ಲಿಡುವುದು? ನಾನು ಎಷ್ಟೇ ಕಿಲಾಡಿಯಾದರೂ ತೆಂಗಿನ ಸೀಮೆಯವನು. ಕಾಲ ಕೂಡಿ ಆಗಬೇಕಾದದ್ದಕ್ಕೆ ನಮಗೆ ಗೊತ್ತಿರುವ ಜಾಗ ಒಂದೇ. ಉಳಿದ ಕಾಯಿಗಳನ್ನು ಗಟ್ಟಿಯಿರುವಾಗಲೇ ಕಿತ್ತು, ಉಪ್ಪಿನಕಾಯಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟ ಹತ್ತಿ ತೆಂಗಿನಕಾಯಿ ರಾಶಿಯ ಹಿಂದೆ, ಕಣ್ಣಿಗೆ ಬೀಳದ ಕತ್ತಲ ಮೂಲೆಯಲ್ಲಿ ಇಟ್ಟು ಬಂದೆ.

ವಾರ ಕಳೆಯಲಿಲ್ಲ. ಅಪ್ಪ ಹಜಾರದಲ್ಲಿ ತಲೆ ಎತ್ತಿ ಮೂಸಿದ. "ಕಾಯಿ ಕೊಳ್ತದೆ ಕಣೇ."

ಅಟ್ಟದಲ್ಲಿ ಒಂದು ಕಾಯಿ ಕೊಳೆತರೆ ಅದರ ನೀರು ಸೋರಿ ಕೆಳಗಿನ ಕಾಯಿಗಳನ್ನೂ ಕೆಡಿಸುತ್ತದೆ. ನಮ್ಮಲ್ಲಿ ಯಾವ ದುರ್ನಾತಕ್ಕೂ ಮೊದಲ ಅನುಮಾನ ಅಟ್ಟದ ಮೇಲೆಯೇ. ಅಪ್ಪ ಏಣಿ ಹಾಕಿ ಹತ್ತಿದ. ಮುಟ್ಟಬಾರದ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಎಡಗಣ್ಣು ಮುಚ್ಚಿ ಕೇಳತೊಡಗಿದ. ಹಗಲೂ ರಾತ್ರಿ ಏಣಿಯ ಬಾಯಲ್ಲೇ ಅವನ ಠಿಕಾಣಿ. ನಾನು ಭರಣಿ ಇಳಿಸುವುದು ಹೇಗೆ? ಮೊದಲ ದಿನ ಅವ್ವನ ಮುಂದೆ ಅಪ್ಪನ ಮೂಸಾಟ ಮಾಡಿ ತೋರಿಸಿದೆ, ನಕ್ಕಳು. ಮೂರನೆಯ ದಿನ ಮತ್ತೆ ಮಾಡಿದೆ. "ಸಾಕು ಮುಚ್ಚಲಾ, ಆವಯ್ಯ ಸರ್ಯಾಗಿ ಉಣ್ತಿಲ್ಲ" ಎಂದಳು.

ಕಾಯಿಗಳೆಲ್ಲ ಸರಿಯಾದ ಸದ್ದೇ ಮಾಡುತ್ತಿದ್ದವು. ವಾಸನೆ ಮಾತ್ರ ಏರುತ್ತಿತ್ತು. ನಾಲ್ಕನೆಯ ದಿನ ಅಪ್ಪ ಕಾಯಿಗಳನ್ನು ಕೆಳಗೆ ಹಾಕಿ ಒಡೆಯತೊಡಗಿದ. ಒಡೆದದ್ದೆಲ್ಲ ಒಳಗೆ ಬೆಳ್ಳಗೆ, ಚೆನ್ನಾಗಿ, ಅರ್ಧ ನೀರು ಇಂಗಿ. ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ, ನನ್ನ ಡಿಗ್ರಿಯ ಹಾಗೆ. ಅಂಗಳದ ತುಂಬ ಹೋಳು. ಅಪ್ಪ ಮಚ್ಚು ಕೆಳಗಿಟ್ಟ.

"ಕಿವಿ ಹೋಯ್ತು ಕಣೇ ನಂದು. ಎಲ್ಲೋ ಕೊಳ್ತದೆ, ನಂಗೆ ಕೇಳ್ತಿಲ್ಲ."

"ಕಿವಿ ಹೋಗಿದ್ರೆ ನಾನ್ ಬೈದಿದ್ದೆಲ್ಲ ಹೆಂಗ್ ಕೇಳ್ತದೆ?" ಎಂದಳು ಅವ್ವ. ಅಪ್ಪ ನಗಲಿಲ್ಲ.

"ನಾಳಿಕ್ಕೆ ಟ್ರ್ಯಾಕ್ಟ್ರು ಬರ್ಲಿ. ಇದ್ದಷ್ಟೂ ಹಂಗೇ ಹಸಿಕಾಯಿ ಅಂತ ಸಿಕ್ಕಿದ ರೇಟಿಗೆ ಹೋಗ್ಲಿ."

ಅಷ್ಟರಲ್ಲಿ ಹಾಲ್ಕುರಿಕೆಯವರೊಬ್ಬರು ಸ್ಕೂಟರಿನಲ್ಲಿ ಬಂದಿಳಿದರು. "ಬರ್ರಿ ಯಜಮಾನ್ರೆ, ನಮ್ ಅಟ್ಟ ಒಂಚೂರು ನೋಡಿ ಹೇಳಿ."

ಅಪ್ಪ ಅವರ ಮುಖ ನೋಡಲಿಲ್ಲ. "ಬ್ಯಾರೆ ಯಾರನ್ನಾರ ಕರ್ಕೊಂಡೋಗಪ್ಪ. ನಂಗೆ ಗೊತ್ತಾಗಕಿಲ್ಲ."

ನನಗೆ ಪಾಪ ಎನಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಎನಿಸಲಿಲ್ಲ. ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಾನು ಅಣಕಿಸಿದ್ದು ಆ ಮುಚ್ಚಿದ ಎಡಗಣ್ಣನ್ನು, ಆ ಗರ್ವವನ್ನು. ಅದನ್ನೇ ಈ ಮನುಷ್ಯ ಕಾಯಿ ಹೋಳಿನ ಜೊತೆ ಅಂಗಳಕ್ಕೆ ಎಸೆದು ಕೂತರೆ, ಅಣಕಿಸಲು ನನಗೇನು ಉಳಿಯಿತು?

"ಅಪ್ಪಾ, ಕಾಯಿ ಕೊಳ್ತಿಲ್ಲ. ನಂದೊಂದು ಭರಣಿ ಐತೆ ಮೇಲೆ. ಅದು ನಾರ್ತಿರೋದು."

ಎಂಟು ತಿಂಗಳ ಮೇಲೆ ಸ್ಟಾಂಪಿಲ್ಲದೆ ಹೋದ ಮೊದಲ ಮಾತು. ಅಪ್ಪ ಅವ್ವನ ಕಡೆ ತಿರುಗಿದ. "ನಿನ್ ಮಗಂಗೆ ಹೇಳು, ಇವತ್ತಾದ್ರೂ ಆಟ ಬುಡು ಅಂತ."

ದಿನವೂ ಸುಳ್ಳು ದನಿಯಲ್ಲಿ ಮಾತಾಡುವವನ ನಿಜದ ದನಿ ಯಾರಿಗೆ ಗುರುತು ಸಿಗುತ್ತದೆ? ಅಟ್ಟ ಹತ್ತಿ ಭರಣಿ ಇಳಿಸಿ ತಂದು, ಅಪ್ಪನ ಕಾಲ ಬುಡದಲ್ಲಿಟ್ಟು ಬಟ್ಟೆ ಬಿಚ್ಚಿದೆ. ಹಾಲ್ಕುರಿಕೆಯವರು ಮೂಗು ಮುಚ್ಚಿಕೊಂಡು ರಸ್ತೆಯವರೆಗೆ ಓಡಿದರು. ಅವ್ವ "ಶಿವನೇ, ನನ್ ಉಪ್ಪಿನಕಾಯಿ ಭರಣಿ" ಎಂದು ಹಣೆ ಚಚ್ಚಿಕೊಂಡಳು. ಅಪ್ಪ ಮಾತ್ರ ಬಗ್ಗಿ, ಸಾವಧಾನವಾಗಿ ಮೂಸಿದ. ಆಮೇಲೆ ಒಡೆಯದೆ ಉಳಿದಿದ್ದ ಒಂದು ಕಾಯಿ ಎತ್ತಿಕೊಂಡ. ಎಡಗಣ್ಣು ಮುಚ್ಚಿತು. ಎರಡು ಸಲ ಅಲ್ಲಾಡಿಸಿದ.

"ಇನ್ನೂ ನಲ್ವತ್ ದಿನ ಐತೆ" ಎಂದ, ಕಾಯಿಗೇ.

ಕಾಯಿ ಕೆಳಗಿಟ್ಟು ಭರಣಿಯನ್ನು ಅಂಗೈ ಮೇಲೆ ಎತ್ತಿ ಹಿಡಿದ. ಮೂಗಿನಲ್ಲಿ ಶುರುಮಾಡಿದ: "ಬನ್ನಿ ಸಾರ್ ಬನ್ನಿ, ನೋನಿ ನೋಡಿ ಸಾರ್! ಬಿಪಿ, ಶುಗರ್ರು, ಮಂಡಿ ನೋವು, ಮನಸಿನ ನೋವು..." ಒಂದಕ್ಷರ ತಪ್ಪಲಿಲ್ಲ. ಅದು ಮಾರುವವನ ಅಣಕವಲ್ಲ, ಅವನನ್ನು ಅಣಕಿಸುವ ನನ್ನ ಅಣಕ. ಕುತ್ತಿಗೆ ಓರೆ ಮಾಡುವುದು, ನಗು ಬಂತೇ ಎಂದು ಓರೆಗಣ್ಣಲ್ಲಿ ನೋಡುವುದು, ಎಲ್ಲವೂ ಇತ್ತು. ನಾನು ಹಾಗೆ ನೋಡುತ್ತೇನೆಂದು ನನಗೇ ತಿಳಿದಿರಲಿಲ್ಲ. ಅವ್ವ ಗೋಡೆ ಹಿಡಿದು ನಕ್ಕಳು. ರಸ್ತೆಯಿಂದಲೂ ನಗು ಬಂತು. ನನ್ನ ಕಿವಿ ಬಿಸಿಯಾಯಿತು. ಮಾರ್ಕೆಟ್ಟಿನಲ್ಲಿ ಅಪ್ಪನ ಕಿವಿಯೂ ಹೀಗೇ ಬಿಸಿಯಾಗಿರಬೇಕು.

ಅಪ್ಪ ದನಿ ಇಳಿಸಿ, ಭರಣಿಯಲ್ಲಿ ಇಳಿದಿದ್ದಷ್ಟು ರಸವನ್ನು ಲೋಟಕ್ಕೆ ಬಗ್ಗಿಸಿ ನನಗೆ ಚಾಚಿದ. "ಕುಡಿ."

ಕುಡಿದೆ. ಆ ಬಗ್ಗೆ ಹೆಚ್ಚು ಬರೆಯಲಾರೆ.

ಟವೆಲ್ ಹೆಗಲಿಗೆ ಹಾಕಿ ಅಪ್ಪ ಸ್ಕೂಟರಿನ ಹಿಂದೆ ಕೂತ. "ನಿನ್ ಮಗಂಗೆ ಹೇಳು, ನಾನ್ ಹಾಲ್ಕುರಿಕೆಯಿಂದ ಬರೋಷ್ಟೊತ್ಗೆ ಆ ಗಿಡ ಬೇರು ಸಮೇತ ಹೋಗಿರ್ಬೇಕು ಅಂತ." ಅಂಚೆ ಮತ್ತೆ ಶುರುವಾಗಿತ್ತು.

ಗುದ್ದಲಿ ಹಿಡಿದು ಸಂಜೆಯವರೆಗೆ ಅಗೆದೆ. ಬೇರು ಅರಿಶಿನದ ಬಣ್ಣ. ಕೈಯೆಲ್ಲ ಹಳದಿಯಾಗಿ, ಎಷ್ಟು ಸೋಪು ಹಾಕಿದರೂ ಹೋಗಲಿಲ್ಲ. ಒಡೆದಿದ್ದ ಹೋಳುಗಳನ್ನು ಅವ್ವ ತಿಂಗಳು ಪೂರ್ತಿ ಸಾರಿಗೆ, ಪಲ್ಯಕ್ಕೆ, ಉಪ್ಪಿಟ್ಟಿಗೆ ಹಾಕಿದಳು. ಅರೆ ಒಣಗಿದ ಆ ಚೂರು ಎಷ್ಟು ಅಗಿದರೂ ಮುಗಿಯದು. ಊಟಕ್ಕೆ ಕೂತಾಗ ಅಪ್ಪ ತನ್ನ ತಟ್ಟೆಯಲ್ಲಿದ್ದ ಅಂಥ ಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿ, ಮಾತಿಲ್ಲದೆ ನನ್ನ ತಟ್ಟೆಗೆ ಹಾಕುತ್ತಿದ್ದ. ನಾನು ಅಗಿಯುತ್ತಿದ್ದೆ. ಅಪ್ಪ ಎಡಗಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದ.